ಮುರಿಯುವ ಮೊದಲೇ ಬದಲಿಸುವ ಬಿಡಿಭಾಗ

ನನ್ನ ಮಾಮ ಬಂದರಿನಲ್ಲಿ ಬೋಟ್ ಮೆಕ್ಯಾನಿಕ್. ಇಂಜಿನ್‌ನ ಯಾವುದಾದರೂ ಭಾಗ ಕೈಕೊಟ್ಟರೆ ಬಿಚ್ಚಿ ಹೊಸದು ಹಾಕುತ್ತಾರೆ. ಚೆನ್ನಾಗಿ ಓಡುತ್ತಿದ್ದರೆ ಮುಟ್ಟುವುದೇ ಇಲ್ಲ. ನಡುಕಡಲಿನಲ್ಲಿ ಇಂಜಿನ್ ನಿಂತರೂ ಬೋಟ್ ತೇಲುತ್ತಿರುತ್ತದೆ, ಇನ್ನೊಂದು ಬೋಟ್ ಬಂದು ಹಗ್ಗ ಕಟ್ಟಿ ಎಳೆದು ತರುತ್ತದೆ. ಆದರೆ ಆ ಬೋಟಿನವರನ್ನು ಕಾಪಾಡಲು ಬರುವ ಹೆಲಿಕಾಪ್ಟರ್‌ಗೆ ಈ ಅನುಕೂಲ ಇಲ್ಲ.

2025ರ ಜನವರಿ 5ರಂದು ಗುಜರಾತಿನ ಪೋರಬಂದರ್‌ನಲ್ಲಿ ಕೋಸ್ಟ್ ಗಾರ್ಡ್‌ನ ಧ್ರುವ್ ಹೆಲಿಕಾಪ್ಟರ್ ಬಿದ್ದು ಇಬ್ಬರು ಪೈಲಟ್‌ಗಳು ಮತ್ತು ಒಬ್ಬ ಡೈವರ್ ತೀರಿಕೊಂಡರು. ಧ್ರುವ್ ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ್ದು, 1992ರಲ್ಲಿ ಮೊದಲ ಸಲ ಹಾರಿತು. ತನಿಖೆಯಲ್ಲಿ ಸ್ವಾಶ್‌ಪ್ಲೇಟ್ ಎಂಬ ಭಾಗ ಬಿರುಕುಬಿಟ್ಟು ಮುರಿದಿದ್ದು ಕಂಡುಬಂತು. ಸುದ್ದಿ ಓದಿದಾಗ ನನಗೆ ಆ ಹೆಸರೇ ಹೊಸದು.

ಪೈಲಟ್‌ನ ಕೈಯಲ್ಲಿರುವ ಕೋಲು ತಿರುಗುವುದಿಲ್ಲ. ತಲೆಯ ಮೇಲಿನ ನಾಲ್ಕು ಬ್ಲೇಡ್‌ಗಳು ತಿರುಗುತ್ತಲೇ ಇರುತ್ತವೆ. ತಿರುಗದ ಕೋಲಿನ ಆಜ್ಞೆ ತಿರುಗುವ ಬ್ಲೇಡ್‌ಗೆ ಮುಟ್ಟುವುದು ಹೇಗೆ? ಒಂದರ ಮೇಲೊಂದು ಎರಡು ತಟ್ಟೆ, ನಡುವೆ ಬೇರಿಂಗ್. ಕೆಳಗಿನದು ತಿರುಗುವುದಿಲ್ಲ, ಮೇಲಿನದು ಬ್ಲೇಡ್‌ಗಳ ಜೊತೆ ತಿರುಗುತ್ತದೆ. ಎರಡನ್ನೂ ಒಟ್ಟಿಗೆ ಎತ್ತಿದರೆ ಹೆಲಿಕಾಪ್ಟರ್ ಮೇಲೇರುತ್ತದೆ, ಓರೆ ಮಾಡಿದರೆ ಮುಂದಕ್ಕೋ ಪಕ್ಕಕ್ಕೋ ಹೋಗುತ್ತದೆ. ಇದೇ ಸ್ವಾಶ್‌ಪ್ಲೇಟ್. ಇದು ಮುರಿದರೆ ಇಂಜಿನ್ ಎರಡಿದ್ದರೂ ಪ್ರಯೋಜನವಿಲ್ಲ, ಪೈಲಟ್‌ನ ಕೈಗೆ ಏನೂ ಉಳಿಯುವುದಿಲ್ಲ.

ಅಷ್ಟು ಗಟ್ಟಿ ಲೋಹ ಮುರಿಯುವುದೇಕೆ? ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇರಿ, ಕೊನೆಗೆ ತುಂಡಾಗುತ್ತದೆ. ಇದು ಲೋಹದ ದಣಿವು. ಬ್ಲೇಡ್‌ಗಳು ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುತ್ತವೆ ಎಂದುಕೊಂಡರೂ ಗಂಟೆಗೆ 18,000 ಸುತ್ತು. ಪ್ರತಿ ಸುತ್ತಿನಲ್ಲೂ ಒತ್ತಡ ಏರಿ ಇಳಿಯುತ್ತದೆ. ಆದ್ದರಿಂದ ಇಂಥ ಭಾಗಗಳಿಗೆ ಇಷ್ಟು ಹಾರಾಟದ ಗಂಟೆ ಎಂದು ಆಯುಸ್ಸು ಗೊತ್ತುಮಾಡಿರುತ್ತಾರೆ. ಪ್ರತಿಯೊಂದಕ್ಕೂ ಸಂಖ್ಯೆ, ಪ್ರತಿ ಗಂಟೆಗೂ ಲೆಕ್ಕ. ಅವಧಿ ಮುಗಿದರೆ, ನೋಡಲು ಹೊಸದರಂತೆ ಹೊಳೆಯುತ್ತಿದ್ದರೂ ಬಿಚ್ಚಿ ತೆಗೆಯಲೇಬೇಕು.

ಅವಧಿಗೆ ಮೊದಲೇ ಒಂದು ಮುರಿದರೆ ಅದೇ ಬಗೆಯ ಎಲ್ಲದರ ಮೇಲೂ ಸಂಶಯ. ಹಾಗಾಗಿಯೇ ದೇಶದ ಸುಮಾರು 330 ಧ್ರುವ್‌ಗಳೂ ನೆಲ ಹಿಡಿದವು. 2023ರಲ್ಲೂ ಅಪಘಾತಗಳ ನಂತರ ಹಾರಾಟ ನಿಲ್ಲಿಸಿ, ನಿಯಂತ್ರಣದ ಅಲ್ಯೂಮಿನಿಯಂ ರಾಡ್‌ಗಳ ಬದಲು ಉಕ್ಕಿನವನ್ನು ಹಾಕಿದ್ದರು. ಈ ಸಲ ಸೇನೆ ಮತ್ತು ವಾಯುಪಡೆಯವು ಮೇ ತಿಂಗಳಲ್ಲಿ ಮತ್ತೆ ಹಾರತೊಡಗಿದವು. ನೌಕಾಪಡೆ, ಕೋಸ್ಟ್ ಗಾರ್ಡ್‌ನವು ಇನ್ನೂ ಕಾಯಬೇಕಾಯಿತು.

ಕಡಲ ಮಕ್ಕಳಿಗೆ ಈ ಕಾಯುವಿಕೆ ಸಣ್ಣದಲ್ಲ. ದಡದಿಂದ 100 ಕಿ.ಮೀ. ಆಚೆ ಒಬ್ಬರಿಗೆ ಎದೆನೋವು ಬಂದಿತೆನ್ನಿ. ಗಂಟೆಗೆ 250 ಕಿ.ಮೀ. ಹಾರುವ ಹೆಲಿಕಾಪ್ಟರ್‌ಗೆ ಅರ್ಧ ಗಂಟೆಯೂ ಬೇಡ. ಗಂಟೆಗೆ 40 ಕಿ.ಮೀ. ಹೋಗುವ ಹಡಗಿಗೆ ಎರಡೂವರೆ ಗಂಟೆ, ವಾಪಸ್ ಬರಲು ಮತ್ತೆ ಅಷ್ಟೇ. ಹಾಗಿದ್ದರೂ ಸಂಶಯವಿರುವ ಯಂತ್ರವನ್ನು ಕಳಿಸದಿರುವುದೇ ಸರಿ ಎಂದು ನನಗನಿಸುತ್ತದೆ. ಅದರೊಳಗೆ ಕೂರುವವರೂ ಯಾರದೋ ಮನೆಯವರು.

ಇದನ್ನೆಲ್ಲ ಹೇಳಿದಾಗ ಮಾಮ ಕೇಳಿದ್ದು ಒಂದೇ: "ತೆಗೆದ ಹಳೇದನ್ನು ಗುಜರಿಗೆ ಹಾಕಿದರೆ, ಯಾರಾದರೂ ಪಾಲಿಶ್ ಮಾಡಿ ಹೊಸದೆಂದು ಮಾರುವುದಿಲ್ಲವಾ?" ಬಂದರಿನಲ್ಲಿ ಅಂಥದ್ದನ್ನು ಅವರು ಎಷ್ಟೋ ಕಂಡಿದ್ದಾರೆ. ವಿಮಾನಯಾನದಲ್ಲಿ ಅದಕ್ಕೂ ಒಂದು ಪದ್ಧತಿಯಿದೆ: ಆಯುಸ್ಸು ಮುಗಿದ ಭಾಗವನ್ನು ಮತ್ತೆ ಯಾರೂ ಜೋಡಿಸಲಾಗದಂತೆ ಕತ್ತರಿಸಿಯೋ ಜಜ್ಜಿಯೋ ಹಾಳುಮಾಡಿದ ಮೇಲೆಯೇ ಗುಜರಿಗೆ ಹಾಕುತ್ತಾರೆ.