ಬಚ್ಚಲಿಲ್ಲದ ದಿನಗಳು

ಮನೆಯಲ್ಲಿ ಮುಖ್ಯವಾದ ಕೋಣೆ ಯಾವುದೆಂದು ಯಾರಾದರೂ ಕೇಳಿದ್ದರೆ ದೇವರಮನೆಯೆಂದೋ ಅಡಿಗೆಮನೆಯೆಂದೋ ಹೇಳಿಬಿಡುತ್ತಿದ್ದೆ. ಸ್ನಾನಕ್ಕೂ ಶೌಚಕ್ಕೂ ಇದ್ದ ಒಂದೇ ಬಚ್ಚಲುಮನೆಯ ನೆಲವನ್ನು ಮೇಸ್ತ್ರಿ ಅಗೆದುಹಾಕಿದ ದಿನ ಆ ಉತ್ತರ ಬದಲಾಯಿತು.

ಗೋಡೆಯ ಬುಡದಲ್ಲಿ ನೀರು ಜಿನುಗತೊಡಗಿದುದೇ ಇದಕ್ಕೆಲ್ಲ ಮೂಲ. ಎರಡು ದಿನದ ಕೆಲಸವೆಂದು ನಾನು ನಂಬಿದ್ದೆ. ಆದರೆ ಸಿಮೆಂಟು ಒಣಗಿ ಗಟ್ಟಿಯಾಗುವುದೆಂಬುದು ನಮ್ಮ ಭ್ರಮೆ. ಅದು ಗಟ್ಟಿಯಾಗುವುದು ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಆದುದರಿಂದಲೇ ಹೊಸ ಗಾರೆಗೆ ವಾರದವರೆಗೆ ನೀರುಣಿಸಬೇಕು, ಅವಸರಪಟ್ಟರೆ ಬಿರುಕು. ಆಮೇಲೆ ತೂಬನ್ನು ಮುಚ್ಚಿ, ಒಂದು ಹಗಲು ಒಂದು ರಾತ್ರಿ ನೀರು ನಿಲ್ಲಿಸಿ, ಎಲ್ಲಿಯೂ ಇಂಗದೆಂದು ಖಚಿತವಾದ ಮೇಲೆ ಕಲ್ಲುಹಾಸು. ಅದರ ವಾಟವೂ ತೂಬಿನತ್ತಲೇ ಇರಬೇಕು. ಬಾಗಿದ ಕೊಳವೆಯಲ್ಲಿ ನಿಂತ ನೀರು ಚರಂಡಿಯ ವಾಸನೆಯನ್ನು ತಡೆಯುತ್ತದೆ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಪೇಟೆಂಟು ಪಡೆದ ಈ ಉಪಾಯದ ಬೆಲೆ, ಆ ಕೊಳವೆಯನ್ನು ಕಿತ್ತ ಸಂಜೆ ನಮಗೆ ತಿಳಿಯಿತು!

ನಮ್ಮ ಸ್ನಾನ ಹಿತ್ತಿಲ ಬಾವಿಕಟ್ಟೆಯಲ್ಲಿ ಹೇಗೋ ಸಾಗಿತು. ಕಷ್ಟವೆಲ್ಲ 80 ದಾಟಿದ ಅಮ್ಮನದು. ಪಕ್ಕದ ಮನೆಯವರು ಅಕ್ಕರೆಯಿಂದಲೇ ಕರೆದಿದ್ದರು. ಆದರೂ ಅಪರಾತ್ರಿಯಲ್ಲಿ ಪರರ ಬಾಗಿಲು ತಟ್ಟುವುದೆಂತು? ಮೂರನೆಯ ದಿನ ಗಮನಿಸಿದೆ: ಸಂಜೆಯಾದೊಡನೆ ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಮುಪ್ಪಿನಲ್ಲಿ ದಾಹದ ಅರಿವೇ ಕಡಿಮೆ. ಅದರ ಮೇಲೆ ಈ ವ್ರತ. ನಾಲಗೆ ಒಣಗಿತ್ತು, ಏಳುವಾಗ ತಲೆ ಸುತ್ತುತ್ತಿತ್ತು.

ಅಂದೇ ಕಮೋಡ್ ಕುರ್ಚಿಯೊಂದನ್ನು ಬಾಡಿಗೆಗೆ ತಂದು, ನಡುಮನೆಯ ಮೂಲೆಗೆ ಹಳೆಯ ಸೀರೆಯ ಮರೆ ಕಟ್ಟಿದೆ. ಅಮ್ಮ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಆಮೇಲೊಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ತಾನಾಗಿಯೇ ಕರೆದಳು: "ಒಂದು ಲೋಟ ನೀರು ಕೊಡೋ."