ಸಂಗೀತಕ್ಕೆ ಮೈ ನವಿರೇಳುವುದೇಕೆ?

ಕಛೇರಿಯಲ್ಲಿ ಆಲಾಪನೆ ನಿಧಾನವಾಗಿ ಮೇಲೇರುತ್ತದೆ. ಗಾಯಕರು ತಾರಷಡ್ಜದ ಹತ್ತಿರವೇ ಸುಳಿದಾಡಿ, ಅದನ್ನು ಮುಟ್ಟದೆ ಕೆಳಗಿಳಿಯುತ್ತಾರೆ, ಮತ್ತೆ ಏರುತ್ತಾರೆ. ಕೊನೆಗೊಮ್ಮೆ ಆ ಸ್ವರದಲ್ಲಿ ನಿಂತಾಗ ಕೆಲವು ಶ್ರೋತೃಗಳಿಗೆ ಮೈ ಜುಮ್ಮೆನ್ನುತ್ತದೆ, ಕಣ್ಣು ತೇವವಾಗುತ್ತದೆ. ಭರತನ ನಾಟ್ಯಶಾಸ್ತ್ರವು ಹೆಸರಿಸುವ ಎಂಟು ಸಾತ್ತ್ವಿಕ ಭಾವಗಳಲ್ಲಿ ರೋಮಾಂಚ, ಅಶ್ರು ಎರಡೂ ಸೇರಿವೆ.

ಭೌತವಿಜ್ಞಾನದ ದೃಷ್ಟಿಯಿಂದ ಶಬ್ದವೆಂದರೆ ಗಾಳಿಯ ಒತ್ತಡದಲ್ಲಾಗುವ ಏರಿಳಿತ. ಸಾಮಾನ್ಯ ಮಾತುಕತೆಯಲ್ಲಿ ಇದು ಸುಮಾರು 0.02 ಪಾಸ್ಕಲ್. ವಾಯುಮಂಡಲದ ಒತ್ತಡವಾದರೋ ಸುಮಾರು 1,00,000 ಪಾಸ್ಕಲ್. ಅಂದರೆ ಐವತ್ತು ಲಕ್ಷದಲ್ಲಿ ಒಂದು ಪಾಲು! ಎಷ್ಟು ವರ್ಷ ಪಾಠ ಹೇಳಿದರೂ ಈ ಅನುಪಾತ ನನ್ನನ್ನು ಬೆರಗುಗೊಳಿಸುವುದು ಬಿಟ್ಟಿಲ್ಲ. ಇಷ್ಟು ಅಲ್ಪ ಕಂಪನ ರೋಮವನ್ನು ಹೇಗೆ ನಿಮಿರಿಸುತ್ತದೆ?

ಪ್ರತಿ ರೋಮದ ಬುಡದಲ್ಲೂ ಒಂದು ಪುಟ್ಟ ಸ್ನಾಯುವಿದೆ. ಚಳಿಯಾದಾಗ, ಹೆದರಿದಾಗ ನಮ್ಮ ಇಚ್ಛೆಗೆ ಒಳಪಡದ ನರಗಳು ಅದನ್ನು ಸಂಕುಚಿಸುತ್ತವೆ. ಸಂಗೀತ ಕೇಳುವಾಗ ಕೆಲಸ ಮಾಡುವುದೂ ಇದೇ ಸ್ನಾಯು. ಆದರೆ ಆಜ್ಞೆ ಎಲ್ಲಿಂದ ಬಂತು?

2001ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಆ್ಯನ್ ಬ್ಲಡ್ ಮತ್ತು ರಾಬರ್ಟ್ ಜಟೋರೆ ಹತ್ತು ಮಂದಿ ಸಂಗೀತಾಭ್ಯಾಸಿಗಳ ಮೆದುಳನ್ನು ಪೆಟ್ ಸ್ಕ್ಯಾನ್‌ನಿಂದ ಪರೀಕ್ಷಿಸಿದರು. ಮೈ ಜುಮ್ಮೆನಿಸುವ ಸಂಗೀತವನ್ನು ಪ್ರತಿಯೊಬ್ಬರೂ ತಾವೇ ಆರಿಸಿಕೊಂಡು ತಂದಿದ್ದರು. ಒಬ್ಬರು ತಂದ ಸಂಗೀತವನ್ನು ಮತ್ತೊಬ್ಬರಿಗೆ ಹೋಲಿಕೆಗಾಗಿ ಕೇಳಿಸಲಾಯಿತು. ನನಗೆ ಈ ಪ್ರಯೋಗದ ಜೀವಾಳವೇ ಇದೆನಿಸುತ್ತದೆ: ತರಂಗ ಅದೇ, ಪರಿಣಾಮ ಬೇರೆ. ರೋಮಾಂಚ ತೀವ್ರವಾದಂತೆ, ರುಚಿಯಾದ ಊಟ ಸಿಕ್ಕಾಗ ಚುರುಕಾಗುವ ಮೆದುಳಿನ ಭಾಗಗಳಲ್ಲೇ ರಕ್ತದ ಹರಿವು ಬದಲಾಯಿತು.

2011ರಲ್ಲಿ ವಲೋರಿ ಸಲಿಂಪೂರ್ ಮತ್ತು ಸಂಗಡಿಗರು ಎಂಟು ಮಂದಿಯ ಮೇಲೆ ನಡೆಸಿದ ಅಧ್ಯಯನ ಇನ್ನೂ ಮುಂದೆ ಹೋಯಿತು. ಪರಾಕಾಷ್ಠೆಯ ಕ್ಷಣದಲ್ಲಿ ಮೆದುಳಿನ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಭಾಗ ಹೆಚ್ಚು ಸಕ್ರಿಯವಾಗಿ ಡೋಪಮೀನ್ ಸ್ರವಿಸಿತು. ಅದಕ್ಕೆ ಕೆಲವು ಸೆಕೆಂಡು ಮೊದಲೇ, ಕಾಯುವ ಹೊತ್ತಿನಲ್ಲಿ, ಕಾಡೇಟ್ ಎಂಬ ಇನ್ನೊಂದು ಭಾಗ ಆ ಕೆಲಸ ಮಾಡುತ್ತಿತ್ತು. ತಾರಷಡ್ಜವನ್ನು ಮುಟ್ಟದೆ ಕಾಯಿಸುವ ಗಾಯಕರ ಜಾಣ್ಮೆಗೆ ಇದೊಂದು ಒಳ್ಳೆಯ ವಿವರಣೆ. ಕಾಯಬೇಕಾದರೆ ಮುಂದೇನು ಬರುವುದೆಂಬ ಅಂದಾಜಿರಬೇಕು; ಆ ಅಂದಾಜು ಬರುವುದು ಕೇಳಿ ಕೇಳಿ ಆದ ಪರಿಚಯದಿಂದ. ರಾಗ ಗೊತ್ತಿಲ್ಲದವರಿಗೆ ಷಡ್ಜ ಕೇಳಿಸುತ್ತದೆ, ಅದರ ವಿಳಂಬ ಕೇಳಿಸುವುದಿಲ್ಲ.

2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಡೋಪಮೀನ್ ಹೆಚ್ಚಿಸುವ ಲೆವೊಡೋಪ ಔಷಧಿ ಸಂಗೀತದ ಸುಖವನ್ನು ಹೆಚ್ಚಿಸಿತು. ಅದರ ಕೆಲಸವನ್ನು ತಡೆಯುವ ರಿಸ್ಪೆರಿಡೋನ್ ಕುಗ್ಗಿಸಿತು.

ಇಂಥ ರಾಗ ಕೇಳಿದರೆ ಎಲ್ಲರ ಮನಸ್ಸೂ ಕರಗುತ್ತದೆ, ಇಂಥ ರೋಗ ವಾಸಿಯಾಗುತ್ತದೆ ಎಂಬ ಮಾತುಗಳು ಪತ್ರಿಕೆಗಳಲ್ಲಿ ಆಗಾಗ ಕಾಣುತ್ತವೆ. ಮೇಲಿನ ಪ್ರಯೋಗಗಳು ಅದಕ್ಕೆ ಆಧಾರವಾಗಲಾರವು. ಶ್ರವಣಶಕ್ತಿ ಸರಿಯಿದ್ದು, ಹಾಡಿನ ಭಾವವನ್ನು ಗುರುತಿಸಬಲ್ಲವರಾಗಿಯೂ ಸಂಗೀತದಿಂದ ಯಾವ ಸುಖವನ್ನೂ ಪಡೆಯದವರಿದ್ದಾರೆಂದು 2014ರ ಅಧ್ಯಯನವೊಂದು ತೋರಿಸಿದೆ. ಹಣ ಗೆಲ್ಲುವ ಆಟದಲ್ಲಿ ಅವರು ಎಲ್ಲರಂತೆಯೇ ಹಿಗ್ಗುತ್ತಾರೆ! ತರಗತಿಯಲ್ಲಿ ಅಂಥ ವಿದ್ಯಾರ್ಥಿಯಿದ್ದರೆ ಅವನನ್ನು ಅರಸಿಕನೆಂದು ಗೇಲಿ ಮಾಡುವುದು ಸಲ್ಲದು.

ಶಿಕ್ಷಕರು ಸುಲಭವಾಗಿ ಮಾಡಿಸಬಹುದಾದ ಚಟುವಟಿಕೆಯೊಂದಿದೆ. ಪ್ರತಿ ವಿದ್ಯಾರ್ಥಿಯೂ ತನಗೆ ಮೈ ಜುಮ್ಮೆನಿಸುವ ಹಾಡೊಂದನ್ನು ತರಲಿ, ಆ ಕ್ಷಣ ಎಷ್ಟನೆಯ ಸೆಕೆಂಡಿನಲ್ಲಿ ಬಂತೆಂದು ಗುರುತು ಹಾಕಲಿ. ಉಚಿತವಾಗಿ ದೊರೆಯುವ ಆಡಾಸಿಟಿ ತಂತ್ರಾಂಶದಲ್ಲಿ ಆ ಜಾಗದ ತರಂಗರೂಪವನ್ನು ನೋಡಿ. ದನಿ ಥಟ್ಟನೆ ಏರಿದೆಯೆ, ಹೊಸ ಕಂಠ ಸೇರಿದೆಯೆ, ಕ್ಷಣಕಾಲ ಮೌನವಿದೆಯೆ? ಮರುವಾರ ಹಾಡುಗಳನ್ನು ಅದಲುಬದಲು ಮಾಡಿ ಕೇಳಿಸಿ, ಗುರುತುಗಳು ಎಷ್ಟು ಹೊಂದುತ್ತವೆಂದು ಎಣಿಸಿ.