ಕೋಳಿಗಳ ಕತ್ತು ತಿರುಚುವ ಕೊಕ್ಕರೆ ರೋಗ: ಲಕ್ಷಣಗಳು ಮತ್ತು ಹತೋಟಿ



ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರು ಹಾಗೂ ನೆರೆಯ ಲಿಂಗಸುಗೂರು, ಸಿಂಧನೂರು ಭಾಗಗಳಲ್ಲಿ ಹಿತ್ತಲ ಜವಾರಿ ಕೋಳಿ ಸಾಕಣೆಯು ಬೆಳೆ ಕೈಕೊಟ್ಟ ವರ್ಷದಲ್ಲಿಯೂ ಮನೆಗೆ ಆಸರೆಯಾಗುವ ಉಪಕಸುಬು. ಇಂತಹ ಹಿಂಡನ್ನು ಕೆಲವೇ ದಿನಗಳಲ್ಲಿ ಬರಿದು ಮಾಡಬಲ್ಲದು ಕೊಕ್ಕರೆ ರೋಗ. ಇದಕ್ಕೆ ರಾಣಿಖೇತ್ ರೋಗವೆಂಬ ಹೆಸರೂ ಉಂಟು.

ಲಕ್ಷಣಗಳು
ಕೋಳಿಗಳು ಮೇವು ಬಿಟ್ಟು ತೂಕಡಿಸುತ್ತವೆ. ಬಾಯಿ ತೆರೆದು ಉಸಿರಾಡುತ್ತವೆ. ಹಸಿರು ಮಿಶ್ರಿತವಾಗಿ ಭೇದಿ ಮಾಡುತ್ತವೆ. ಮೊಟ್ಟೆ ಇಳುವರಿ ಕುಸಿಯುತ್ತದೆ. ವೈರಾಣು ನರಮಂಡಲವನ್ನು ತಲುಪಿದಾಗ ಕತ್ತು ತಿರುಚಿ ತಲೆ ಒಂದು ಬದಿಗೆ ವಾಲುತ್ತದೆ. ಕಾಲು, ರೆಕ್ಕೆಗಳು ಸ್ವಾಧೀನ ತಪ್ಪುತ್ತವೆ. ಬದುಕುಳಿದ ಕೋಳಿಗಳಲ್ಲಿ ಕತ್ತಿನ ಸೊಟ್ಟ ಹಾಗೆಯೇ ಉಳಿಯಬಹುದು. ಜೀವಸತ್ವಗಳ ಕೊರತೆಯಿಂದಲೂ ಮರಿಗಳ ಕತ್ತು ತಿರುಚುವುದುಂಟು. ಆದರೆ ಹಲವು ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಸಾಂಕ್ರಾಮಿಕ ರೋಗವೆಂದೇ ಶಂಕಿಸಬೇಕು. ಹಕ್ಕಿ ಜ್ವರದ ಲಕ್ಷಣಗಳೂ ಇದನ್ನೇ ಹೋಲುವುದರಿಂದ ಪಶುವೈದ್ಯರ ಪರೀಕ್ಷೆ ಅವಶ್ಯ.

ಹರಡುವ ಬಗೆ
ರೋಗಪೀಡಿತ ಕೋಳಿಗಳ ಹಿಕ್ಕೆ, ಜೊಲ್ಲು, ಉಸಿರು, ಮಲಿನವಾದ ನೀರು, ಬುಟ್ಟಿ ಹಾಗೂ ಪಾದರಕ್ಷೆಗಳ ಮೂಲಕ ರೋಗ ಹರಡುತ್ತದೆ. ಸೋಂಕು ತಗುಲಿದ ಸಾಮಾನ್ಯವಾಗಿ 2ರಿಂದ 15 ದಿನಗಳೊಳಗೆ ಲಕ್ಷಣಗಳು ತೋರುತ್ತವೆ. ಆದುದರಿಂದ ಒಂದು ಕೋಳಿಯ ಕತ್ತು ತಿರುಚಿದಾಗ, ಆರೋಗ್ಯವಾಗಿ ಕಾಣುವ ಉಳಿದವುಗಳಲ್ಲಿಯೂ ಸೋಂಕು ಇರಬಹುದು. "ಸಾಯುವ ಮೊದಲು ಮಾರಿಬಿಡೋಣ" ಎಂದು ಅವನ್ನು ಸಂತೆಗೆ ಒಯ್ದರೆ ರೋಗವೂ ಊರೂರಿಗೆ ಹರಡುತ್ತದೆ.

ಲಸಿಕೆ
ಈ ರೋಗಕ್ಕೆ ನಿರ್ದಿಷ್ಟ ಚಿಕಿತ್ಸೆ ಇಲ್ಲ. ಮುಂಚಿತವಾಗಿ ಲಸಿಕೆ ಹಾಕಿಸುವುದೇ ಉಪಾಯ.
• 5ರಿಂದ 7ನೇ ದಿನ: ಲಸೋಟಾ ಅಥವಾ ಎಫ್ ಲಸಿಕೆ, ಕಣ್ಣು ಅಥವಾ ಮೂಗಿಗೆ ಒಂದು ಹನಿ.
• 4ನೇ ವಾರ: ಲಸೋಟಾ ಲಸಿಕೆ ಮತ್ತೊಮ್ಮೆ.
• 8ನೇ ವಾರ: ಆರ್‌2ಬಿ ಲಸಿಕೆ, 0.5 ಮಿ.ಲೀ., ರೆಕ್ಕೆಯ ಕೆಳಗೆ ಚರ್ಮದಡಿ. ಎಳೆಯ ಮರಿಗಳಿಗೆ ಇದನ್ನು ಕೊಡಬಾರದು.

ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಿ, ಮಂಜುಗಡ್ಡೆಯೊಡನೆ ಒಯ್ಯಬೇಕು. ಕಲಸಿದ ನಂತರ 2 ಗಂಟೆಯೊಳಗೆ ಬಳಸಬೇಕು. ಕೋಳಿಗಳನ್ನು ಗೂಡಿನಿಂದ ಬಿಡುವ ಮುನ್ನ, ನಸುಕಿನಲ್ಲಿಯೇ ಲಸಿಕೆ ಹಾಕುವುದು ಸುಲಭ.

ರೋಗ ಕಂಡಾಗ
• ರೋಗಪೀಡಿತ ಕೋಳಿಗಳನ್ನು ಪ್ರತ್ಯೇಕಿಸಿ, ಪಶು ಆಸ್ಪತ್ರೆಗೆ ತಿಳಿಸಿರಿ.
• ಸತ್ತ ಕೋಳಿಗಳನ್ನು ಹಳ್ಳಕ್ಕೆ ಅಥವಾ ತಿಪ್ಪೆಗೆ ಎಸೆಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ.
• ಮುಟ್ಟಿದ ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ಈ ವೈರಾಣು ಮನುಷ್ಯರಲ್ಲಿಯೂ ಕಣ್ಣುರಿ ತರಬಲ್ಲದು.
• ಹೊಸದಾಗಿ ತಂದ ಕೋಳಿಗಳನ್ನು 3 ವಾರ ಬೇರೆಯಾಗಿಯೇ ಇರಿಸಿರಿ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ
ಲಸಿಕೆಯ ಒಂದು ಸೀಸೆ ಸಾಮಾನ್ಯವಾಗಿ 100 ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಆಗುತ್ತದೆ. ಹತ್ತು ಕೋಳಿ ಸಾಕಿದವರು ಒಬ್ಬರೇ ತರಲು ಹಿಂಜರಿಯುವುದು ಸಹಜ. ಆದ್ದರಿಂದ ಮಹಿಳಾ ಸ್ವಸಹಾಯ ಸಂಘಗಳ ಮೂಲಕ ದಿನ ಗೊತ್ತುಪಡಿಸಿ, ಓಣಿಯ ಎಲ್ಲ ಕೋಳಿಗಳಿಗೂ ಒಟ್ಟಿಗೆ ಲಸಿಕೆ ಹಾಕಿಸುವುದು ಸೂಕ್ತ. ಖರ್ಚೂ ಹಂಚಿಕೆಯಾಗುತ್ತದೆ, ರಕ್ಷಣೆಯೂ ಇಡೀ ಓಣಿಗೆ ದೊರೆಯುತ್ತದೆ.